ಆ ಮಧ್ಯಾಹ್ನ ಟೋನ್ ಇರಲಿಲ್ಲ

ನಾನು ಸುಳ್ಳು ಹೇಳಿದೆ. ಸಿರುಗುಪ್ಪದ ಒಂದು ನರ್ಸಿಂಗ್ ಹೋಮಿನ ಫೋನ್ ಯಂತ್ರ ನನ್ನ ತಪ್ಪಿನಿಂದ ಮೂರೂವರೆ ಗಂಟೆ ಸತ್ತು ಬಿದ್ದಿತ್ತು. ನಾನು ‘ಯಂತ್ರ ಸರಿ ಇತ್ತು’ ಎಂದೆ. ಆ ಒಂದು ಮಾತಿಗೆ ಒಬ್ಬ ಮನುಷ್ಯನ ಕೆಲಸ ಹೋಯಿತು. ಹೋದದ್ದು ಕೆಲಸವೊಂದೇ ಎಂದು ಎಂಟು ವರ್ಷ ತಿಳಿದುಕೊಂಡಿದ್ದೆ — ಅಷ್ಟನ್ನು ಹೊತ್ತುಕೊಂಡೇ ಹೇಗೋ ನಿದ್ದೆ ಮಾಡುತ್ತಿದ್ದೆ. ಹೋದದ್ದು ಅದಕ್ಕಿಂತ ದೊಡ್ಡದು ಎಂದು ಗೊತ್ತಾದದ್ದು ಈ ವರ್ಷ.

ಅವರ ಹೆಸರು ಮೌಲಾಸಾಬ. ಹುಟ್ಟಿನಿಂದಲೇ ಕಣ್ಣು ಕಾಣದವರು. ಆ ನರ್ಸಿಂಗ್ ಹೋಮಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಹೊರಗಿನಿಂದ ಬಂದ ಕರೆ ಎತ್ತಿ, ಯಾರು, ಏನು ಎಂದು ಕೇಳಿಕೊಂಡು, ಡಾಕ್ಟರಿಗೋ ವಾರ್ಡಿಗೋ ಔಷಧಿ ಕೌಂಟರಿಗೋ ಕೊಡುವುದು ಅವರ ಕೆಲಸ. ಹದಿನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದರು. ಒಮ್ಮೆ ಕೇಳಿದ ದನಿಯನ್ನು ಮರೆಯುತ್ತಿರಲಿಲ್ಲ. ‘ಹಲೋ’ ಎಂದರೆ ಸಾಕು, ‘ಏನ್ರೀ ತೆಕ್ಕಲಕೋಟಿ ಮಾವಾರ, ಸಕ್ಕರಿ ಕಡಿಮಿ ಆತೇನು?’ ಎನ್ನುತ್ತಿದ್ದರು.

ನಾನು ಸುಧಾ. ಆಗ ನನಗೆ ಇಪ್ಪತ್ತಾರು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇಂಟರ್‌ಕಾಮ್, ಕ್ಯಾಮೆರಾ, ಕಂಪ್ಯೂಟರ್ ಕೂರಿಸಿಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಒಂದು ಪಕ್ಕ ಆಟೋ ಸೀಟು ಹೊಲಿಯುವವರು, ಇನ್ನೊಂದು ಪಕ್ಕ ವೆಲ್ಡಿಂಗ್. ಆ ಬೀದಿಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಹೆಣ್ಣುಮಗಳು ನಾನೊಬ್ಬಳೇ. ನಮ್ಮ ತಂದೆ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಸುಳ್ಳಾಡುವವರ ಮನೆಯಲ್ಲಿ ನೀರು ಕೂಡ ಕುಡಿಯದ ಮನುಷ್ಯ. ಮಗಳು ಕೌಲ್ ಬಜಾರಿನಲ್ಲಿ ವೈರು ಎಳೆಯುತ್ತಾಳೆ ಎಂದು ನಂಟರು ಆಡಿಕೊಂಡಾಗಲೂ, ‘ಕಳ್ಳತನ ಮಾಡ್ತಿಲ್ಲಲ್ಲ, ಕೆಲಸ ಮಾಡ್ತಾಳ’ ಎಂದು ಬಾಯಿ ಮುಚ್ಚಿಸಿದ್ದರು.

ಸಿರುಗುಪ್ಪದ ಆ ಕೆಲಸ ನಾನು ಒಬ್ಬಳೇ ಮಾಡಿದ ಮೊದಲ ಕೆಲಸ. ಹೊರಡುವ ದಿನ ಅಂಗಡಿ ಮಾಲೀಕರು ಕರೆದು ಹೇಳಿದರು: “ಹುಡುಗಿ ಕೈಲಿ ಆಗ್ತೈತಾ ಅಂತ ಅವ್ರು ಎರಡು ಸಲ ಕೇಳ್ಯಾರ. ಆಗ್ತೈತಿ ಅಂದೀನಿ. ನನ್ನ ಮಾತು ಉಳಿಸವ್ವಾ.”

ಯಂತ್ರ ಎಂದರೆ ದೊಡ್ಡದೇನೂ ಅಲ್ಲ. ಒಂದು ಸಾಧಾರಣ ಕಂಪ್ಯೂಟರ್, ಅದರ ಹೊಟ್ಟೆಯೊಳಗೆ ಅಂಗೈಯಗಲದ ಒಂದು ಕಾರ್ಡು. ಹೊರಗಿನ ಫೋನ್ ಲೈನುಗಳೂ ಆಸ್ಪತ್ರೆಯ ಒಳಗಿನ ಫೋನುಗಳೂ ಬಂದು ಸೇರುವುದು ಆ ಕಾರ್ಡಿಗೆ. ಆದರೆ ಕಾರ್ಡು ತಾನಾಗಿ ಏಳುವುದಿಲ್ಲ. ಅದನ್ನು ಎಬ್ಬಿಸುವ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ, ನಾವು ಸರ್ವಿಸ್ ಎನ್ನುತ್ತೇವೆ. ಮೊದಲು ಆ ಸರ್ವಿಸ್ ಶುರುವಾಗಿ ಕಾರ್ಡು ಏಳಬೇಕು. ಆಮೇಲೆ ಕರೆಗಳನ್ನು ಹಂಚುವ ಪ್ರೋಗ್ರಾಂ ಏಳಬೇಕು. ಸರ್ವಿಸ್ಸನ್ನು ಕೈಯಿಂದ ಶುರು ಮಾಡಬಹುದು, ಆದರೆ ಅದು ಆ ಹೊತ್ತಿಗಷ್ಟೇ. ಕಂಪ್ಯೂಟರ್ ಒಮ್ಮೆ ಆರಿ ಹೊತ್ತಿದರೆ ಸರ್ವಿಸ್ ಮತ್ತೆ ಮಲಗಿಯೇ ಇರುತ್ತದೆ. ಪ್ರತಿಸಲ ಕಂಪ್ಯೂಟರ್ ಶುರುವಾದಾಗ ನೀನೂ ಶುರುವಾಗು ಎಂದು ಅದಕ್ಕೆ ಬೇರೆಯಾಗಿ ಹೇಳಿಡಬೇಕು. ಒಂದೇ ಸಾಲು. ಬರೆಯಲು ಅರ್ಧ ನಿಮಿಷ ಬೇಡ.

ಆ ಸಾಲನ್ನು ನಾನು ಬರೆಯಲಿಲ್ಲ. ‘ಮರೆತೆ’ ಎಂದು ಬರೆಯಹೊರಟಿದ್ದೆ — ಇಲ್ಲ, ಮರೆಯಲಿಲ್ಲ. ಮೂರನೆಯ ದಿನ ಸಂಜೆ ಎಲ್ಲ ಫೋನುಗಳೂ ಮಾತಾಡತೊಡಗಿದಾಗ, ಸರ್ವಿಸ್ಸನ್ನು ಕೈಯಿಂದ ಶುರು ಮಾಡಿದ್ದು ನನಗೆ ನೆನಪಿತ್ತು. ಕಂಪ್ಯೂಟರ್ ಆರಿಸಿ, ಮತ್ತೆ ಹೊತ್ತಿಸಿ, ಎಲ್ಲ ತಾನಾಗಿ ಏಳುತ್ತದೆಯೇ ನೋಡಬೇಕು ಎನ್ನುವುದೂ ಗೊತ್ತಿತ್ತು. ಆದರೆ ಡಾಕ್ಟರು ಬಂದು ಫೋನ್ ಎತ್ತಿ, “ಭೇಷ್” ಎಂದರು. ಮ್ಯಾನೇಜರ್ ಪಂಪಣ್ಣನವರು ಕೈ ಮುಗಿದರು. ಆ ಹೊತ್ತಿನಲ್ಲಿ ಎಲ್ಲವನ್ನೂ ಆರಿಸಿ, ಅದು ಏಳದೆ ಹೋಗಿ, ಅವರೆಲ್ಲರ ಮುಂದೆ ತಡಬಡಾಯಿಸುವುದು ನನಗೆ ಬೇಕಿರಲಿಲ್ಲ. ಮುಂದಿನ ವಾರ ಬಂದಾಗ ಮಾಡಿದರಾಯಿತು ಎಂದುಕೊಂಡೆ. ಮುಂದಿನ ವಾರ ಬೇರೆ ಕಡೆ ಕೆಲಸ ಬಂತು.

ಇನ್ನೂ ಒಂದು ಮಾತು ಹೇಳಬೇಕು. ಆ ಮೂರು ದಿನ ಮೌಲಾಸಾಬಣ್ಣ ನನ್ನ ಜೊತೆಗೇ ಇದ್ದರು. ಮೂರನೆಯ ಲೈನಿನಲ್ಲಿ ಏನೋ ದೋಷವಿತ್ತು; ನನ್ನ ಮೀಟರಿಗೂ ಅದು ಸಿಕ್ಕಿರಲಿಲ್ಲ. ಅವರು ರಿಸೀವರ್ ಕಿವಿಗಿಟ್ಟು, ತಲೆ ಓರೆ ಮಾಡಿ, “ತಂಗಿ, ಇದರಾಗ ಸಣ್ಣಗ ಮಳಿ ಬಂದಂಗ ಸಪ್ಪಳ ಐತಿ. ಎಲ್ಲೋ ವೈರು ಸಡಿಲ ಐತಿ ನೋಡು” ಎಂದರು. ಮಾಳಿಗೆ ಹತ್ತಿ ನೋಡಿದರೆ ಜಾಯಿಂಟ್ ಸಡಿಲವಾಗಿತ್ತು. ಮಧ್ಯಾಹ್ನ ತಮ್ಮ ಮನೆಗೇ ಕರೆದುಕೊಂಡು ಹೋಗಿ ಚಹಾ ಕುಡಿಸಿದರು. ಅವರ ಹೆಂಡತಿ ಹುಸೇನಬಿ ಹೊಲಿಗೆ ಮಷೀನು ಬಿಟ್ಟೆದ್ದು ಬಂದು, “ನಮ್ಮನ್ಯಾಗ ಕುಡೀತೀರೋ ಇಲ್ಲೋ” ಎಂದು ಅನುಮಾನದಲ್ಲೇ ಲೋಟ ಚಾಚಿದ್ದರು. ನಾನು ಎರಡು ಲೋಟ ಕುಡಿದೆ. ಆ ಕಿವಿ ಎಂಥದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಐದಾರು ವಾರವಾಗಿತ್ತು. ಒಂದು ದಿನ ಸಿರುಗುಪ್ಪದಲ್ಲಿ ಲೈನ್ ಕೆಲಸಕ್ಕೆಂದು ಬೆಳಗ್ಗೆಯಿಂದ ಕರೆಂಟ್ ತೆಗೆದಿದ್ದರು. ಒಂದು ಗಂಟೆಯ ಹೊತ್ತಿಗೆ ಬ್ಯಾಟರಿ ಇಳಿದು ಕಂಪ್ಯೂಟರ್ ಆರಿತು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು, ಕಂಪ್ಯೂಟರ್ ತಾನಾಗಿ ಹೊತ್ತಿಕೊಂಡಿತು, ಹಸಿರು ದೀಪ ಬಂತು. ಕಾರ್ಡು ಮಾತ್ರ ಏಳಲಿಲ್ಲ — ಏಳು ಎಂದು ಅದಕ್ಕೆ ಯಾರೂ ಹೇಳಿಟ್ಟಿರಲಿಲ್ಲ.

ಎರಡೂಮುಕ್ಕಾಲರ ಹೊತ್ತಿಗೆ ಮೌಲಾಸಾಬಣ್ಣ ತಮ್ಮ ಮೊಬೈಲಿನಿಂದ ನನಗೆ ಫೋನ್ ಮಾಡಿದರು.

“ತಂಗಿ, ಆಗಿಂದ ಎತ್ತಿ ಎತ್ತಿ ನೋಡಾಕತ್ತೀನಿ, ಟೋನೇ ಇಲ್ಲ. ಒಂದು ಕಿವಿಗಿ ನೋವು ಅಂತ ಎಣ್ಣಿ ಬಿಟ್ಟು ಹತ್ತಿ ಇಟ್ಕಂಡೀನಿ. ಅದಕ್ಕ ಇನ್ನೊಂದು ಕಿವಿಗಿ ಹಿಡಿದು ನೋಡಿದೆ. ಅದರಾಗೂ ಇಲ್ಲ. ಪಂಪಣ್ಣಾರು ಊರಾಗಿಲ್ಲ. ನೀ ಒಂದೀಟು ಬಂದು ಹೋಗು.”

ಮಾತು ಮುಗಿಯುವ ಮೊದಲೇ ನನಗೆ ಕಾರಣ ಗೊತ್ತಾಗಿತ್ತು. ಅಲ್ಲಿ ಆ ಕೀಬೋರ್ಡ್ ಮುಟ್ಟಬಲ್ಲವರು ಯಾರೂ ಇರಲಿಲ್ಲ. ಸಿಕ್ಕ ಬಸ್ಸು ಹತ್ತಿ ಓಡಿದೆ. ಮುಟ್ಟುವಾಗ ನಾಲ್ಕೂವರೆ. ಆಪರೇಟರ್ ಕುರ್ಚಿ ಖಾಲಿ ಇತ್ತು. ಅಣ್ಣ ಪಕ್ಕದ ಬೀದಿಯ ಮಸೀದಿಗೆ ನಮಾಜಿಗೆ ಹೋಗಿದ್ದರು. ಒಳಗಿನ ಫೋನುಗಳನ್ನು ಆ ಮಧ್ಯಾಹ್ನ ಬೇರೆ ಯಾರೂ ಎತ್ತಿ ನೋಡಿರಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು. ನಾನು ಕೂತು ಸರ್ವಿಸ್ ಶುರು ಮಾಡಿದೆ. ರಿಸೀವರ್ ಎತ್ತಿದೆ. ಟೋನ್ ಬಂತು. ಬಿಟ್ಟುಹೋಗಿದ್ದ ಸಾಲನ್ನೂ ಬರೆದೆ. ಎಲ್ಲ ಸೇರಿ ಎರಡು ನಿಮಿಷ.

ಅಷ್ಟರಲ್ಲಿ ಪಂಪಣ್ಣನವರು ಬಾಗಿಲಲ್ಲಿ ನಿಂತಿದ್ದರು. ಬಳ್ಳಾರಿಯಿಂದ ಆಗತಾನೆ ಬಂದಿಳಿದ ಮುಖ, ಮೈಯೆಲ್ಲ ಬೆವರು.

ಆದದ್ದು ಇಷ್ಟು. ಕುರುಗೋಡಿನ ಆಚೆಯ ಒಂದು ಹಳ್ಳಿಯಲ್ಲಿ ಹುಲಿಗೆಮ್ಮ ಎಂಬಾಕೆಗೆ ಮೆಣಸಿನಕಾಯಿ ಬಿಡಿಸುವಾಗ ಕೈಗೆ ಹಾವು ಕಡಿದಿತ್ತು. ಆಕೆಯ ಮೈದುನ ಆಟೋದಲ್ಲಿ ಹಾಕಿಕೊಂಡು ರಸ್ತೆಗೆ ಬಂದಿದ್ದಾನೆ. ಈ ಕಡೆ ಸಿರುಗುಪ್ಪ, ಆ ಕಡೆ ಬಳ್ಳಾರಿ. ಸಿರುಗುಪ್ಪವೇ ಹತ್ತಿರ, ಆದರೆ ಅಲ್ಲಿ ವಿಷದ ಔಷಧಿ ಇದೆಯೋ ಇಲ್ಲವೋ ಕೇಳಿಕೊಂಡೇ ಹೋಗಬೇಕು. ನರ್ಸಿಂಗ್ ಹೋಮಿನ ಹಳೆಯ ಚೀಟಿಯ ಮೇಲಿದ್ದ ನಂಬರಿಗೆ ಏಳು ಸಲ ಮಾಡಿದ್ದಾನೆ. ಏಳು ಸಲವೂ ರಿಂಗ್ ಆಗಿದೆ, ಯಾರೂ ಎತ್ತಿಲ್ಲ. ರಸ್ತೆಯಲ್ಲೇ ಅಷ್ಟು ಹೊತ್ತು ಕಳೆದು, ಕೊನೆಗೆ ಆಟೋ ತಿರುಗಿಸಿಕೊಂಡು ಬಳ್ಳಾರಿಗೆ ಹೋಗಿದ್ದಾನೆ. ಅಲ್ಲಿಂದ ಯಾರ ಹತ್ತಿರವೋ ಪಂಪಣ್ಣನವರ ಮೊಬೈಲ್ ನಂಬರ್ ಪಡೆದು ಬಾಯಿಗೆ ಬಂದಂತೆ ಬೈದಿದ್ದಾನೆ. ಔಷಧಿ ಈ ನರ್ಸಿಂಗ್ ಹೋಮಿನ ಫ್ರಿಜ್ಜಿನಲ್ಲೇ ಇತ್ತು.

ಕಾರ್ಡು ಮಲಗಿದ್ದರೂ ಹೊರಗಿನವರಿಗೆ ರಿಂಗ್ ಕೇಳುತ್ತದೆ, ಯಾಕೆಂದರೆ ಬೀದಿಯಿಂದ ಬರುವ ಲೈನ್ ಬದುಕಿಯೇ ಇರುತ್ತದೆ. ಒಳಗೆ ಮಾತ್ರ ಗಂಟೆ ಹೊಡೆಯುವುದಿಲ್ಲ. ಇದು ಪಂಪಣ್ಣನವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೌಲಾಸಾಬಣ್ಣ ಕೋಲು ತಟ್ಟುತ್ತ ಬಂದರು. ಪಂಪಣ್ಣನವರು ಅವರ ಕಡೆ ತಿರುಗಿ, “ಏಳು ಸಲ ರಿಂಗ್ ಆಗೇತಿ ಮೌಲಾ, ಏಳು ಸಲ! ಎಲ್ಲಿ ಸತ್ತಿದ್ದಿ?” ಎಂದು ಕೂಗಿದರು.

“ಟೋನೇ ಇರಲಿಲ್ಲ ಸಾರ್. ಕುರ್ಚಿ ಬಿಟ್ಟು ಎದ್ದಿಲ್ಲ ನಾನು, ಈಗ ನಮಾಜಿಗಿ ಹೋಗಿದ್ದಷ್ಟೇ. ಸುಧಾನ್ನ ನಾನೇ ಫೋನ್ ಮಾಡಿ ಕರಸೀನಿ. ಆಕಿನ್ನ ಕೇಳ್ರಿ.” ನನ್ನ ಉಸಿರು ಎಲ್ಲಿಂದ ಕೇಳುತ್ತಿತ್ತೋ ಆ ಕಡೆಗೇ ಮುಖ ತಿರುಗಿಸಿದರು. “ಹೇಳು ತಂಗಿ.”

ಪಂಪಣ್ಣನವರು ರಿಸೀವರ್ ಎತ್ತಿ ಕಿವಿಗಿಟ್ಟರು. “ಬರಾಕತ್ತೈತಲ್ಲ ಟೋನು! ನೀ ಹೇಳಮ್ಮಾ — ಯಂತ್ರದ್ದೋ, ಇವನದ್ದೋ?”

ಕೌಲ್ ಬಜಾರಿನ ಅಂಗಡಿ ಕಣ್ಣ ಮುಂದೆ ಬಂತು, ‘ಹುಡುಗಿ ಕೈಲಿ ಆಗ್ತೈತಾ’ ಎಂದು ಕೇಳಿದವರೆಲ್ಲರ ಮುಖ ಬಂತು. ಆಟೋದಲ್ಲಿ ಕೈ ಬಾತುಕೊಂಡು ಮಲಗಿದ್ದ ಹೆಂಗಸಿನ ಮುಖ ಬರಲಿಲ್ಲ, ಆಕೆಯನ್ನು ನಾನು ನೋಡಿರಲೇ ಇಲ್ಲ. ಎದುರಿಗೆ ನಿಂತ ಮನುಷ್ಯನ ಮುಖವನ್ನು — ಅದನ್ನು ನೋಡಲಿಲ್ಲ. ನೋಡದಿದ್ದರೂ ಅವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯವಿತ್ತು. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

“ಯಂತ್ರ ಸರಿ ಐತ್ರಿ. ನಾ ಬಂದಾಗ ಟೋನ್ ಇತ್ತು. ಅಣ್ಣಗ ಕಿವಿ ನೋವಿತ್ತಲ್ಲ, ಹತ್ತಿ ಇಟ್ಟಾರ — ಕೇಳ್ಸಿರಲಿಕ್ಕಿಲ್ಲ.”

ಮೌಲಾಸಾಬಣ್ಣ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಒಂದು ವೇಳೆ ನಾನು — ಇಲ್ಲ, ಅದನ್ನೂ ಹೇಳಬಾರದು. ಅವರು ನಿಧಾನವಾಗಿ ಕೇಳಿದರು: “ಇತ್ತಾ ತಂಗಿ? ನೀ ಬಂದಾಗ ಇತ್ತಾ?”

“ಇತ್ತಣ್ಣಾ.”

ಅವರು ಕಿವಿಯಿಂದ ಹತ್ತಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ನಿಂತರು. ಅದನ್ನು ಎಲ್ಲಿ ಎಸೆಯಬೇಕೆಂದು ತಿಳಿಯದವರ ಹಾಗೆ.

ಪಂಪಣ್ಣನವರು ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಯಂತ್ರ ತನ್ನ ದಿನಚರಿ ತಾನೇ ಬರೆದುಕೊಳ್ಳುತ್ತದೆ. ಸರ್ವಿಸ್ ಶುರುವಾದದ್ದು ಎಷ್ಟು ಗಂಟೆಗೆ, ಅದಕ್ಕೆ ಮೊದಲು ಎಷ್ಟು ಹೊತ್ತು ಕಾರ್ಡು ಇರಲಿಲ್ಲ, ಎಲ್ಲವೂ ಅದರಲ್ಲಿತ್ತು. ಆ ಆಸ್ಪತ್ರೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಆದರೂ ಅಳಿಸಿದೆ. ಬಾಯಿಂದ ಹೊರಟ ಸುಳ್ಳು ಒಂದು ಗಳಿಗೆಯ ಹೇಡಿತನ ಎನ್ನಬಹುದೇನೋ. ಇದನ್ನು ಹಾಗೆನ್ನಲು ಬರುವುದಿಲ್ಲ. ಇದನ್ನು ಕೂತು, ಯೋಚಿಸಿ, ಮಾಡಿದೆ.

ಹುಲಿಗೆಮ್ಮ ಬದುಕಿದಳು. ಬಲಗೈಯ ಎರಡು ಬೆರಳು ತೆಗೆಯಬೇಕಾಯಿತು. ಬೇಗ ಔಷಧಿ ಸಿಕ್ಕಿದ್ದರೆ ಉಳಿಯುತ್ತಿದ್ದವೋ ಏನೋ, ಯಾರೂ ಖಚಿತವಾಗಿ ಹೇಳಲಾರರು. ಆ ಅನುಮಾನದ ಮರೆಯಲ್ಲಿ ನಾನು ನಿಲ್ಲುವುದಿಲ್ಲ. ಮೂರು ವಾರದ ಮೇಲೆ ಅವಳೂ ಅವಳ ಕಡೆಯವರೂ ಸಿರುಗುಪ್ಪಕ್ಕೆ ಬಂದು ಗಲಾಟೆ ಮಾಡಿದರು. ಅದೇ ದಿನ ಮೌಲಾಸಾಬಣ್ಣನನ್ನು ಕೆಲಸದಿಂದ ತೆಗೆದರು. ಪಂಪಣ್ಣನವರು ಬೇರೇನೋ ಕೇಳಲು ಫೋನ್ ಮಾಡಿದಾಗ, ನಡುವೆ ಒಂದು ಮಾತು ಹೇಳಿದರು: “ಮೌಲಾನ್ನ ಬಿಡಿಸಿದ್ವಿ. ಪಾಪ, ಏನೂ ಮಾತಾಡ್ಲಿಲ್ಲ. ತಪ್ಪಾತು ಅಂದು ಹೋದ.”

ತಪ್ಪಾಯಿತು ಎಂದರು. ಅವರು.

ಆಮೇಲಿನ ವರ್ಷಗಳಲ್ಲಿ ನನಗೆ ಒಳ್ಳೆಯ ಹೆಸರು ಬಂತು. ನಾನು ಕೂರಿಸಿದ ಯಂತ್ರ ಒಂದೂ ಹಾಗೆ ಮಲಗಲಿಲ್ಲ. ನಂತರ ಅದೇ ಬೀದಿಯಲ್ಲಿ ನನ್ನದೇ ಅಂಗಡಿ ತೆರೆದೆ. ಸಿರುಗುಪ್ಪದಿಂದ ಕೆಲಸ ಬಂದರೆ ಬೇರೆಯವರನ್ನು ಕಳಿಸುತ್ತಿದ್ದೆ. ತಂದೆ ತೀರಿಕೊಳ್ಳುವ ಮುಂಚೆ ಒಂದು ದಿನ, “ನಿನ್ನ ಬಗ್ಗೆ ನನಗ ಯಾವ ಚಿಂತಿನೂ ಇಲ್ಲವ್ವಾ” ಎಂದರು. ಆ ದಿನ ಹೇಳಬೇಕೆಂದು ಬಾಯಿ ತೆರೆದಿದ್ದೆ. ಗಂಜಿ ತಣ್ಣಗಾಗುತ್ತದೆ ಎಂದು ಹೇಳಿ ಎದ್ದುಬಿಟ್ಟೆ.

ಈ ವರ್ಷ ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನವರು ಕರೆದರು. ಮಾಲೀಕರು ವೀರೇಶಪ್ಪ. ದೊಡ್ಡ ಮಿಲ್ಲು, ಮೂರು ಗೋದಾಮು, ದಿನವಿಡೀ ವ್ಯಾಪಾರಿಗಳ ಫೋನು. ಯಂತ್ರ ಬೇಕು, ಕೂತು ಕರೆ ಎತ್ತಲು ಒಬ್ಬ ಆಪರೇಟರೂ ಬೇಕು ಎಂದರು. ನನಗೆ ಬೆಳಕು ಕಂಡಂತಾಯಿತು. ಮೌಲಾಸಾಬಣ್ಣನ ಹೆಸರು ಹೇಳಿದೆ, ಅವರಂಥ ಕಿವಿ ಈ ತಾಲ್ಲೂಕಿನಲ್ಲೇ ಇಲ್ಲ ಎಂದೆ. ವೀರೇಶಪ್ಪನವರು ಒಪ್ಪಿದರು. ನನ್ನ ಲೆಕ್ಕಾಚಾರ ನಿಮಗೆ ತಿಳಿಯುತ್ತಿರಬಹುದು — ಕಿತ್ತುಕೊಂಡದ್ದನ್ನು ಕೊಟ್ಟುಬಿಡುವುದು, ಹೇಳಬೇಕಾದ್ದನ್ನು ಹೇಳದೆಯೇ ಉಳಿಯುವುದು.

ಸುದ್ದಿ ಹೇಳಲು ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ಪ್ಲಾಸ್ಟಿಕ್ ವೈರಿನ ಕುರ್ಚಿ ಹೆಣೆಯುತ್ತಿದ್ದರು. ಗಡ್ಡ ಬೆಳ್ಳಗಾಗಿತ್ತು. “ಅಣ್ಣಾ” ಎಂದೆ. ಮೊದಲಾಗಿದ್ದರೆ ಆ ಒಂದು ಶಬ್ದಕ್ಕೇ ಹೆಸರು ಹಿಡಿದು ಕರೆಯುತ್ತಿದ್ದವರು ಸುಮ್ಮನೆ ಕೂತಿದ್ದರು. ಹುಸೇನಬಿ ಒಳಗಿನಿಂದ, “ಯಾರೋ ಬಂದಾರ ನೋಡ್ರಿ” ಎಂದ ಮೇಲೆಯೇ ತಲೆ ಎತ್ತಿದರು. ಹೆಸರು ಹೇಳಿದೆ. ಮುಖ ಅರಳಿತು.

“ಸುಧಾ! ಬಾ ತಂಗಿ, ಬಾ.”

ಮಿಲ್ಲಿನ ವಿಷಯ ಹೇಳಿದೆ. ಅವರ ಕೈ ನಿಂತಿತು. ಆಮೇಲೆ ಮತ್ತೆ ವೈರು ಎಳೆಯತೊಡಗಿದರು.

“ಬ್ಯಾಡವ್ವ. ಫೋನಿನ ಕೆಲಸ ನನಗ ಬ್ಯಾಡ. ಈ ಕಿವಿ ನಂಬಿ ಕುಂದ್ರಾಕ ಆಗಲ್ಲ. ಒಬ್ಬಾಕಿ ಜೀವ ಹೋಗೋದಿತ್ತು ಅವತ್ತು.”

“ಕಿವಿಗೇನಾಗೇತಣ್ಣಾ?”

“ಬಳ್ಳಾರಿಗಿ ಹೋಗಿ ತೋರಿಸಿದ್ದೆ. ಸರಿ ಐತಿ ಅಂದ್ರು ಡಾಕ್ಟ್ರು. ಆದ್ರ ಡಾಕ್ಟ್ರಿಗಿ ಏನು ಗೊತ್ತು? ಅವತ್ತು ಅಲ್ಲಿದ್ದಾಕಿ ನೀನು. ಟೋನ್ ಇತ್ತು ಅಂದಿ. ನೀ ಸುಳ್ಳು ಹೇಳಾಕಿ ಅಲ್ಲ.” ಅವರು ನಕ್ಕರು. ಅದರಲ್ಲಿ ಕಹಿಯೇನೂ ಇರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. “ಕಣ್ಣು ಮೊದಲೇ ಇರಲಿಲ್ಲ. ಕಿವಿ ಐತಿ ಅನ್ನೋ ಸೊಕ್ಕಿತ್ತು. ಅದನ್ನೂ ದೇವರು ಇಳಿಸಿದ.”

ದೇವರಲ್ಲ ಅಣ್ಣಾ ಎನ್ನಬೇಕಿತ್ತು. ಎನ್ನಲಿಲ್ಲ. ಬಸ್ಸಿನ ಹೊತ್ತಾಯಿತು ಎಂದು ಎದ್ದುಬಂದೆ. ತುಂಗಭದ್ರೆಯ ಕಾಲುವೆ ದಾಟಿ, ಗದ್ದೆಗಳ ನಡುವೆ ಬಸ್ಸು ಓಡುವಾಗ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು — ಎಂಟು ವರ್ಷ ಅವರು ತಮ್ಮ ಕಿವಿಯನ್ನು ನಂಬಲಿಲ್ಲ, ನನ್ನನ್ನು ನಂಬಿದರು.

ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಮುಂಜಾನೆ ಹತ್ತರ ಹೊತ್ತು. ಕೂತುಕೊಳ್ಳಲಿಲ್ಲ. ನಿಂತೇ ಹೇಳಿದೆ: “ಅಣ್ಣಾ, ಅವತ್ತು ಟೋನ್ ಇರಲಿಲ್ಲ. ತಪ್ಪು ನನ್ನದು. ನಾ ಸುಳ್ಳು ಹೇಳಿದೆ.”

ಒಳಗೆ ಹೊಲಿಗೆ ಮಷೀನಿನ ಸದ್ದು ನಿಂತಿತು.

ಅವರು ಕೈಯಲ್ಲಿದ್ದ ಕುರ್ಚಿಯ ವೈರು ಕೆಳಗಿಟ್ಟು ಕೇಳಿದರು: “ಇನ್ನೊಂದು ಸಲ ಹೇಳು.”

ಹೇಳಿದೆ. ಕಾರ್ಡಿನ ವಿಷಯ, ಸರ್ವಿಸ್ಸಿನ ವಿಷಯ, ಬರೆಯದೇ ಬಿಟ್ಟ ಸಾಲು, ಅವರು ಮಸೀದಿಯಲ್ಲಿದ್ದಾಗ ಎರಡು ನಿಮಿಷದಲ್ಲಿ ನಾನು ಮಾಡಿದ್ದು, ಆಮೇಲೆ ಅಳಿಸಿದ್ದು. ಅವರು ಮಧ್ಯೆ ಮಧ್ಯೆ ತಡೆದು, ಕೆಲಸ ಕಲಿಯುವವರ ಹಾಗೆ ಪ್ರಶ್ನೆ ಕೇಳಿದರು. ದೀಪ ಹತ್ತಿದ್ದರೂ ಕಾರ್ಡು ಮಲಗಿರತೈತಾ? ಹೊರಗ ರಿಂಗ್ ಹ್ಯಾಂಗ ಆಗ್ತೈತಿ? ಎಲ್ಲಕ್ಕೂ ಉತ್ತರ ಕೊಟ್ಟೆ.

“ನಾ ಹತ್ತು ಸಲ ಎತ್ತಿರಬೇಕು. ಒಂದು ಸಲಾನೂ ಇರಲಿಲ್ಲಾ?”

“ಒಂದು ಸಲಾನೂ ಇರಲಿಲ್ಲ.”

“ಮತ್ತ ನನ್ನ ಕಿವಿ?”

“ಸರಿ ಇತ್ತಣ್ಣಾ. ಹತ್ತಿ ಇದ್ರೂ ಸರಿ ಇತ್ತು.”

ಅವರು ಎರಡೂ ಅಂಗೈಗಳನ್ನು ಕಿವಿಗಳ ಮೇಲೆ ಇಟ್ಟುಕೊಂಡರು. ಮುಚ್ಚಿಕೊಂಡರೋ, ಮುಟ್ಟಿ ನೋಡಿಕೊಂಡರೋ ನನಗೆ ತಿಳಿಯಲಿಲ್ಲ.

ಮಾತಾಡಿದವರು ಹುಸೇನಬಿ. ಬಾಗಿಲಿಗೆ ಬಂದು ನಿಂತಿದ್ದರು. “ಯಾರಾದ್ರೂ ಬಾಗ್ಲಾ ಬಡದ್ರ ‘ಬಡದ್ರಾ?’ ಅಂತ ನನ್ನ ಕೇಳ್ತಾರ. ಮಗಳು ಅಬ್ಬಾ ಅಂದ್ರ, ಇನ್ನೊಂದು ಸಲ ಕರೀಲಿ ಅಂತ ಕಾಯ್ತಾರ. ರಸ್ತಿ ದಾಟಾಕ ಬಿಟ್ಟು ಎಂಟು ವರ್ಷ ಆತು. ಇದನ್ನೆಲ್ಲ ಮಾಡ್ದಾಕಿ ನಮ್ಮನಿ ಚಾ ಕುಡಿದು ಹೋದಾಕಿ.” ದನಿ ಏರಲಿಲ್ಲ. “ಹೋಗವ್ವಾ. ಇನ್ನ ಹೋಗು.”

ತಿರುಗಿದಾಗ ಮೌಲಾಸಾಬಣ್ಣ ಹೇಳಿದರು: “ನಿಲ್ರಿ.”

ನನಗೆ ಅವರು ಎಂದೂ ‘ರಿ’ ಹಚ್ಚಿ ಮಾತಾಡಿದವರಲ್ಲ.

“ನನಗ ಹೇಳಿದಿರಿ, ಆತು. ಆ ತಾಯಿ ಅದಾಳಲ್ಲ, ಬೆರಳು ಹೋದಾಕಿ — ಆಕಿಗೂ ಹೋಗಿ ಹೇಳ್ರಿ. ಆಸ್ಪತ್ರಿ ಮುಂದ ನಿಂತು ಮಣ್ಣು ತೂರಿ ಬೈದಿದ್ಲು. ನನ್ನ ಮಕ್ಕಳಿಗಿ ತಟ್ಟಲಿ ಅಂತ ಬೈದಿದ್ಲು. ನಾ ಕೈ ಮುಗಿದು ನಿಂತಿದ್ದೆ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಅಲ್ಲಿಂದ ನೇರ ಮಿಲ್ಲಿಗೆ ಹೋಗಿ ವೀರೇಶಪ್ಪನವರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಯಂತ್ರ ಬ್ಯಾರೆಯವ್ರು ಕೂರಿಸ್ಲಿ. ಮನುಷ್ಯಾನ್ನ ಮಾತ್ರ ನೀ ಹೇಳಿದವನ್ನೇ ಇಟ್ಕಂತೀನಿ” ಎಂದರು. ನ್ಯಾಯವಾದ ಮಾತು. ನರ್ಸಿಂಗ್ ಹೋಮಿಗೂ ನನ್ನ ಹೆಸರು, ಸಹಿ ಹಾಕಿ ಎಲ್ಲವನ್ನೂ ಬರೆದುಕೊಟ್ಟೆ. ಪಂಪಣ್ಣನವರು ಇನ್ನೂ ಅಲ್ಲೇ ಇದ್ದಾರೆ. ಪತ್ರ ಎರಡು ಸಲ ಓದಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. “ಫೋನಿನ ಗಂಟಿ ಹೊಡೀತೋ ಇಲ್ಲೋ ಅಂತ ವಾರ್ಡಿನ ನರ್ಸಿನ್ನ ಒಂದು ಮಾತು ಕೇಳಬೋದಿತ್ತು ನಾನು,” ಎಂದರು. “ಕೇಳಲಿಲ್ಲ. ಕುರುಡ ಅಂತ ಸಸಾರ ಇತ್ತೇನೋ.” ಮರುದಿನ ಅವರೇ ಮೌಲಾಸಾಬಣ್ಣನ ಮನೆಗೆ ಹೋಗಿ ಬಂದರಂತೆ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಅಣ್ಣ ಈಗ ಮಿಲ್ಲಿಗೆ ಹೋಗುತ್ತಿದ್ದಾರೆ.

ಇಷ್ಟೆಲ್ಲ ಮಾಡಿದವಳು ಕುರುಗೋಡಿಗೆ ಹೋಗಲು ಎರಡು ತಿಂಗಳು ತೆಗೆದುಕೊಂಡೆ. ನಿಜ ಹೇಳುವ ಧೈರ್ಯ ಒಮ್ಮೆ ಬಂದರೆ ಉಳಿಯುತ್ತದೆ ಎಂದು ತಿಳಿದಿದ್ದೆ, ಉಳಿಯುವುದಿಲ್ಲ. ಪ್ರತಿಸಲವೂ ಮೊದಲಿನಿಂದ ಹುಡುಕಿಕೊಳ್ಳಬೇಕು. ಹೋದ ಸೋಮವಾರ ಹೋದೆ. ಕುರುಗೋಡಿನಲ್ಲಿ ಇಳಿದು, ಆಟೋ ಹಿಡಿದು, ಆ ಹಳ್ಳಿಯಲ್ಲಿ ಕೇಳಿ ಕೇಳಿ ಮನೆ ಹುಡುಕಿದೆ.

ಹುಲಿಗೆಮ್ಮನಿಗೆ ಈಗ ಐವತ್ತರ ಮೇಲಾಗಿರಬಹುದು. ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಬಲಗೈಯ ಮೂರು ಬೆರಳಲ್ಲಿ ಹಿಡಿದು, ಎಡಗೈಯಲ್ಲಿ ಕೀಳುತ್ತಿದ್ದಳು. ನಾನು ಯಾರು, ಯಾಕೆ ಬಂದೆ, ಎಲ್ಲ ಹೇಳಿದೆ. ಈ ಸಲ ತಡವರಿಸಲಿಲ್ಲ. ಅವಳು ಕೈ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಮೆಣಸಿನಕಾಯಿಯ ಘಾಟಿಗೆ ನಾವಿಬ್ಬರೂ ಕೆಮ್ಮಿದೆವು.

“ಬೆರಳು ಹಾವು ತಿಂತು,” ಎಂದಳು. “ಅದಕ್ಕ ನಿನ್ನನ್ನ ಎಷ್ಟು ಬೈಬೇಕು, ಹಾವಿಗಿ ಎಷ್ಟು ಬೈಬೇಕು ನನಗ ತಿಳಿಯಂಗಿಲ್ಲ. ಹೋದದ್ದು ಹೋತು. ಆದ್ರ ಆ ಅಣ್ಣ — ಕಣ್ಣಿಲ್ಲದಾತ — ಆತನ ಮುಂದ ನಿಂತು, ಹಿಡಿ ಮಣ್ಣು ತೂರಿದ್ದೆ. ಮಕ್ಕಳು ಮರಿ ಹಾಳಾಗ್ಲಿ ಅಂದಿದ್ದೆ. ಆತ ಒಂದು ಮಾತು ತಿರುಗಿ ಆಡ್ಲಿಲ್ಲ.” ನನ್ನ ಮುಖ ನೋಡಿದಳು. “ತಪ್ಪಿಲ್ಲದಾತಗ ನನ್ನ ಬಾಯಾಗ ಶಾಪ ಹಾಕಿಸಿದೆಲ್ಲವ್ವ ನೀನು. ಅದನ್ನ ನಾ ಎಲ್ಲಿ ತೊಳಕಳ್ಳಲಿ?”

ಎಂಟು ವರ್ಷದ ನನ್ನ ಲೆಕ್ಕದಲ್ಲಿ ಈಕೆಯ ಬೆರಳುಗಳಿದ್ದವು, ಅಣ್ಣನ ಕೆಲಸವಿತ್ತು, ಆಮೇಲೆ ಅವರ ಕಿವಿಯೂ ಸೇರಿತ್ತು. ಈಕೆಯ ಬಾಯಿ ಇರಲಿಲ್ಲ.

ಅವಳು ಇನ್ನೊಂದು ಮೆಣಸಿನಕಾಯಿ ಕೈಗೆತ್ತಿಕೊಂಡು ಕೇಳಿದಳು: “ಆತನ ಮನಿ ನಿನಗ ಗೊತ್ತೈತಾ?”

“ಐತಿ.”

“ಐತವಾರ ನನ್ನ ಕರಕಂಡು ಹೋಗು. ಒಬ್ಬಾಕಿಗೆ ದಾರಿ ತಿಳಿಯಂಗಿಲ್ಲ.”

ನಾಳೆ ಐತವಾರ. ಬೆಳಗಿನ ಮೊದಲ ಬಸ್ಸಿಗೆ ಕುರುಗೋಡಿಗೆ ಹೋಗಿ, ಅವಳನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋಗಬೇಕು. ಅಣ್ಣನಿಗೆ ಫೋನ್ ಮಾಡಿ ತಿಳಿಸಿದ್ದೇನೆ. “ಬರ್ರಿ, ಮನ್ಯಾಗ ಇರ್ತೀನಿ” ಎಂದರು, ಅಷ್ಟೇ. ನಾನು ಅಂಗಳದ ತನಕ ಹೋಗುತ್ತೇನೆ, ಒಳಗೆ ಹೋಗುವುದಿಲ್ಲ. ಮಾಡದ ತಪ್ಪಿಗೆ ಶಾಪ ತಿಂದವರ ಮುಂದೆ, ತಿಳಿಯದೆ ಶಾಪ ಹಾಕಿದಾಕೆ ಕೈ ಮುಗಿದು ನಿಲ್ಲುತ್ತಾಳೆ. ನಾನು ಅದನ್ನು ಹೊರಗೆ ನಿಂತು ನೋಡಬೇಕು. ಈ ಸಲ ಮುಖ ತಿರುಗಿಸುವುದಿಲ್ಲ.